ಒಳಮಡಿಕೆಯ ಬೂಷ್ಟು

ಆ ಗುಡಾರದ ಗಾಡಿಯ ಚಿಲಕಕ್ಕೊಂದು ಗುಟ್ಟಿತ್ತು. ಎಡಗೈಯಿಂದ ಮುಚ್ಚಳವನ್ನು ತುಸು ಕೆಳಗೆ ಅದುಮಿ, ಬಲಗೈಯಿಂದ ಕೊಕ್ಕೆಯನ್ನು ಹೊರಗೆಳೆಯಬೇಕು. ಅದುಮದೆ ಎಳೆದರೆ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಕಳೆದ ಬೇಸಿಗೆಯಿಡೀ ಆ ಗಾಡಿಯ ಜೊತೆ ಗುದ್ದಾಡಿದ್ದ ನಿಂಕೆಗೆ ಅದು ಗೊತ್ತಿತ್ತು. ಡೌವೆಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಹಾಗಾಗಿ ನಿಂಕೆ ಕೈಕಟ್ಟಿ ಗೋಡೆಗೊರಗಿ, ಅವನು ಒದ್ದಾಡುವುದನ್ನು ನೋಡಿ ನಗಲು ಸಿದ್ಧಳಾಗಿ ನಿಂತಿದ್ದಳು.

"ಬೇಕಾದ್ರೆ ಸಹಾಯ ಕೇಳು. ಕೇಳಿದ್ರೆ ಮರ್ಯಾದೆ ಏನೂ ಹೋಗಲ್ಲ."

"ಹಡಗು ನಡೆಸೋನಿಗೆ ಒಂದು ಡಬ್ಬಿ ಮುಚ್ಚಳ ತೆಗೆಯೋಕೆ ಬರಲ್ವಾ?" ಎಂದ ಡೌವೆ, ಹುಬ್ಬು ಹಾರಿಸಿ.

"ಹಡಗು ನಡೆಸೋದು ಗಾಳಿ. ನೀನು ಬರೀ ಟೋಪಿ ಹಾಕ್ಕೊಂಡು ನಿಂತಿರ್ತೀಯ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತಿತ್ತು, ಬಲಗಣ್ಣು ಇನ್ನೂ ಅವಳನ್ನೇ ನೋಡುತ್ತಿರುತ್ತಿತ್ತು. ನಾಲ್ಕು ವರ್ಷದ ಹಿಂದೆ ಹರಿದ ಹಾಯಿಯೊಂದನ್ನು ಹೆಗಲ ಮೇಲೆ ಹೊತ್ತು ಹೊಲಿಸಲು ಬಂದಿದ್ದಾಗ ಇದೇ ನಗುವಿಗೆ ಸೋತು ಅವಳು ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡಿದ್ದಳು.

ನಗುತ್ತಲೇ ಅವನು ಎಡಗೈಯಿಂದ ಮುಚ್ಚಳ ಅದುಮಿದ, ಬಲಗೈಯಿಂದ ಎಳೆದ. ಚಿಲಕ ಒಂದೇ ಸಲಕ್ಕೆ ಬಿಚ್ಚಿಕೊಂಡಿತು.

"ಅರೆ! ಯಾರು ಹೇಳ್ಕೊಟ್ರು ನಿಂಗೆ?"

"ಕೈಗುಣ ಕಣೇ, ಕೈಗುಣ."

ಮಕ್ಕಮ್ ಬಂದರಿನ ಹಾಯಿ ಹೊಲಿಯುವ ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಏಪ್ರಿಲ್ ತಿಂಗಳ ಎಳೆಬಿಸಿಲು ಬಿದ್ದಿತ್ತು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಗಾಡಿ ಅದು. ಮುಚ್ಚಳ ಎತ್ತಿ ಎರಡು ರೆಕ್ಕೆ ಬಿಡಿಸಿದರೆ ಕ್ಯಾನ್ವಾಸಿನ ಮನೆಯೇ ಎದ್ದು ನಿಲ್ಲುತ್ತಿತ್ತು. ಎರಡು ಹಾಸಿಗೆ, ಒಂದು ಒಲೆ, ನಾಲ್ಕು ಕಿಟಕಿ. ಡ್ರೆಂಥೆ ಕಡೆಯ ನಿವೃತ್ತ ಮೇಷ್ಟ್ರ ಹೆಂಡತಿಯೊಬ್ಬಳು ಕಳೆದ ಜೂನ್‌ನಲ್ಲಿ ಅದನ್ನು ಮಾರಿದ್ದಳು. "ಮೂವತ್ತು ವರ್ಷದ ಬಟ್ಟೆ, ಒಂದೇ ಒಂದು ಬೂಷ್ಟಿನ ಚುಕ್ಕೆ ತೋರಿಸು ನೋಡೋಣ," ಎಂದಿದ್ದಳು ಮುದುಕಿ, ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಕಣ್ಣೊರೆಸಿಕೊಂಡು.

ಬೇಸಿಗೆಯಿಡೀ ಡೌವೆ ಪ್ರವಾಸಿಗರನ್ನು ಹೇರಿಕೊಂಡು ಹಡಗಿನ ಮೇಲಿದ್ದ. ನಿಂಕೆ ಒಬ್ಬಳೇ ಜಿಪ್ ಬದಲಿಸಿದಳು, ಕಿಟಕಿಗೆ ಹೊಸ ಅಂಚು ಹೊಲಿದಳು, ತಲೆದಿಂಬಿನ ಪಕ್ಕ ಕನ್ನಡಕ ಇಡಲು ಒಂದು ಜೇಬು ಮಾಡಿದಳು. ಸೆಪ್ಟೆಂಬರಿನಲ್ಲಿ ಗರಿಗರಿ ಒಣಗಿಸಿ ತಾನೇ ಮಡಿಸಿಟ್ಟಳು. ಆಮೇಲೆ ಗಾಡಿ ಡೌವೆಯ ತಮ್ಮ ಹಿಡ್ಡೆಯ ಹಸುವಿನ ಕೊಟ್ಟಿಗೆಯ ಪಕ್ಕದ ಶೆಡ್ಡು ಸೇರಿತು. ಅದರೊಳಗೆ ಅವಳು ಇನ್ನೂ ಒಂದು ರಾತ್ರಿಯೂ ಮಲಗಿರಲಿಲ್ಲ. ಮೊದಲ ರಾತ್ರಿ ಟೆರ್ಸ್ಕೆಲಿಂಗ್ ದ್ವೀಪದಲ್ಲೇ ಆಗಬೇಕು, ಮೇ ತಿಂಗಳ ರಜೆಯಲ್ಲಿ, ಮರಳದಿಬ್ಬಗಳ ನಡುವೆ ಎಂದು ಡೌವೆ ಅವಳ ಕಿವಿಯಲ್ಲಿ ಹೇಳಿದ್ದ. ಬರುವ ಸೆಪ್ಟೆಂಬರಿನಲ್ಲಿ ಅವರ ಮದುವೆ.

ಅವನು ಎರಡನೇ ರೆಕ್ಕೆ ಬಿಡಿಸಿದ. ಕ್ಯಾನ್ವಾಸ್ ನಿಧಾನವಾಗಿ ಮೇಲೆದ್ದಿತು. ಮೊದಲು ಬಂದದ್ದು ವಾಸನೆ. ನೆಲಮಾಳಿಗೆಯಲ್ಲಿ ಮರೆತುಹೋದ ಒದ್ದೆ ಸಾಕ್ಸಿನ ವಾಸನೆ.

ಆಮೇಲೆ ಅವಳು ನೋಡಿದಳು. ಹಾಲಿನ ಕೆನೆಯ ಬಣ್ಣದ ಬಟ್ಟೆಯ ಒಳಮೈ ತುಂಬ ಕಪ್ಪು ಚುಕ್ಕೆಗಳು. ಕೆಲವು ಕಡೆ ಸಾಸಿವೆ ಚೆಲ್ಲಿದಂತೆ, ಕೆಲವು ಕಡೆ ಮಸಿ ಒರೆಸಿದಂತೆ. ತಾನು ಹೊಲಿದ ಕಿಟಕಿಯ ಅಂಚಿನುದ್ದಕ್ಕೂ ಬೂದು ಬಣ್ಣದ ಬೂಷ್ಟು.

"ಅಯ್ಯೋ," ಎಂದಳು.

"ಆ ಹಿಡ್ಡೆಯ ಶೆಡ್ಡು ಸೋರುತ್ತೆ," ಎಂದ ಡೌವೆ ತಕ್ಷಣ. "ಸಾವಿರ ಸಲ ಹೇಳಿದ್ದೆ, ಹೆಂಚು ಸರಿಮಾಡ್ಸೋ ಅಂತ."

ಅವಳು ಅವನತ್ತ ತಿರುಗಿದಳು. ಅವನು ಬಟ್ಟೆಯನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದ.

*

ಕಾರ್ಖಾನೆಯ ಒಡತಿ ಗ್ರೀಟ್, ನಿಂಕೆಯ ತಾಯಿಯ ತಂಗಿ. ಅರವತ್ತೆರಡು ವರ್ಷ, ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಯಾವಾಗಲೂ ನಾಲ್ಕು ಗುಂಡುಸೂಜಿ. ಸೋಮವಾರ ಬೆಳಿಗ್ಗೆ ಇಬ್ಬರೂ ಸೇರಿ ಕ್ಯಾನ್ವಾಸನ್ನು ಗಾಡಿಯಿಂದ ಕಳಚಿ, ಅದು ಮೊದಲು ಇದ್ದ ಮಡಿಕೆಗಳಿಗೇ ಮಡಿಸಿ, ಹಾಯಿ ಕತ್ತರಿಸುವ ಮರದ ನೆಲದ ಮೇಲೆ ಇಟ್ಟರು. ಗ್ರೀಟ್ ಮಂಡಿಯೂರಿ ಒಂದೊಂದೇ ಮಡಿಕೆ ತೆರೆದಳು.

"ಮಾಡು ಸೋರಿದ್ರೆ ನೀರು ಎಲ್ಲಿಂದ ಬೀಳುತ್ತೆ?"

"ಮೇಲಿಂದ, ಇನ್ನೆಲ್ಲಿಂದ?"

"ಮೇಲಿನ ಮಡಿಕೆ ನೋಡು."

ಮೇಲಿನ ಮಡಿಕೆ ಹೊಸದರಂತಿತ್ತು. ಅದರ ಕೆಳಗಿನದರಲ್ಲಿ ಒಂದೆರಡು ಚುಕ್ಕೆ. ಒಳಗಿಳಿದಷ್ಟೂ ಕಪ್ಪು. ಗಾಳಿಯೇ ತಾಗದ ನಟ್ಟನಡುವಿನ ಮಡಿಕೆಯಲ್ಲಿ ಬಟ್ಟೆಯೇ ಕಾಣುತ್ತಿರಲಿಲ್ಲ.

ಗ್ರೀಟ್ ಬಾಯಿಂದ ಗುಂಡುಸೂಜಿಗಳನ್ನು ತೆಗೆದಳು. ಅದು ಅವಳು ಮನಸ್ಸಿಟ್ಟು ಮಾತಾಡುವ ಲಕ್ಷಣ. "ಇದು ಸೋರಿದ್ದಲ್ಲ ಮಗಳೇ. ಯಾರೋ ಮಳೇಲಿ ಬಿಚ್ಚಿದ್ದಾರೆ, ಮಳೇಲೇ ಮಡಿಸಿದ್ದಾರೆ. ಒಣಗಿಸೋಕೆ ಪುರುಸೊತ್ತಿರಲಿಲ್ಲ, ಇಲ್ಲಾ ಜಾಗ ಇರಲಿಲ್ಲ."

"ನಾನು ಒಣಗಿಸೇ ಇಟ್ಟಿದ್ದೆ."

"ನಿನ್ನ ಕೈ ನಂಗೆ ಗೊತ್ತಿಲ್ವಾ?"

ನಿಂಕೆ ಬಟ್ಟೆಯ ಮೇಲೆ ಅಂಗೈ ಓಡಿಸುತ್ತ ಹೋದಳು. ತಾನು ಹೊಲಿದ ಆ ಪುಟ್ಟ ಜೇಬಿನೊಳಗೆ ಬೆರಳಿಗೆ ಏನೋ ತಗುಲಿತು. ಸುಕ್ಕುಗಟ್ಟಿದ ಮೂರು ಪುಟ್ಟ ಕೆಂಪು ಕ್ರ್ಯಾನ್‌ಬೆರಿ ಹಣ್ಣು. ಟೆರ್ಸ್ಕೆಲಿಂಗ್ ದ್ವೀಪದ ದಿಬ್ಬಗಳ ತಗ್ಗಿನಲ್ಲಿ ಅದು ತಾನಾಗೇ ಬೆಳೆಯುತ್ತದೆ, ಅಕ್ಟೋಬರಿನಲ್ಲಿ ಹಣ್ಣಾಗುತ್ತದೆ.

ಅಕ್ಟೋಬರಿನಲ್ಲಿ ಡೌವೆ ಒಂದು ವಾರ ಡೆನ್ ಹೆಲ್ಡರ್‌ನಲ್ಲಿದ್ದ. ಹಡಗಿನವರಿಗೆ ಸುರಕ್ಷತೆಯ ತರಬೇತಿ ಎಂದಿದ್ದ.

ಗ್ರೀಟ್ ಕಿಟಕಿಯಾಚೆ ನೋಡುತ್ತ, "ನಾನೇನೂ ನೋಡ್ಲಿಲ್ಲ," ಎಂದಳು.

ಸಂಜೆ ನಿಂಕೆ ಅವನಿಗೆ ಫೋನ್ ಮಾಡಿದಳು. ಆರೋಪ ಹೊರಿಸಲಿಲ್ಲ, ಗಾಡಿಯನ್ನು ಯಾರಾದರೂ ತೆಗೆದುಕೊಂಡು ಹೋಗಿದ್ದರಾ ಎಂದಷ್ಟೇ ಕೇಳಿದಳು. ಆ ಕಡೆಯಿಂದ ಅವನು ನಕ್ಕ.

"ಹಾಂ, ಹೌದಲ್ವಾ! ಮರ್ತೇ ಹೋಗಿತ್ತು ನೋಡು. ಹಿಡ್ಡೆ ಕೇಳಿದ್ದ. ಅಕ್ಟೋಬರ್‌ನಲ್ಲಿ, ಒಂದೆರಡು ದಿನಕ್ಕೆ. ಅವನಿಗೆ ಸರಿಯಾಗಿ ಬೈತೀನಿ ಬಿಡು."

ನಂಬಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಮಂಗಳವಾರ ಹಿಡ್ಡೆಗೆ ಫೋನ್ ಮಾಡುವಾಗ ಅವಳ ದನಿಯಲ್ಲಿ ನಗುವಿತ್ತು.

"ಏನಪ್ಪಾ, ನನಗಿಂತ ಮೊದಲೇ ನನ್ನ ಗುಡಾರದಲ್ಲಿ ಮಲಗಿ ಬಂದ್ಯಂತೆ? ಹೇಗಿತ್ತು ಹವಾ?"

"ಬೊಂಬಾಟ್!" ಎಂದ ಹಿಡ್ಡೆ. ಅಣ್ಣ ಮೊದಲೇ ಹೇಳಿಟ್ಟಿದ್ದ ಎಂಬುದು ಆ ಅವಸರದಲ್ಲೇ ತಿಳಿಯುತ್ತಿತ್ತು. "ಬಿಸಿಲೋ ಬಿಸಿಲು. ಮೂಗೆಲ್ಲ ಸುಟ್ಟುಹೋಯ್ತು."

ನಿಂಕೆ ತನ್ನ ಕಾಲ ಬಳಿ ಬಿದ್ದಿದ್ದ ಕಪ್ಪು ಬಟ್ಟೆಯನ್ನು ನೋಡಿದಳು.

"ಮತ್ತೆ ಎಂಬತ್ತು ಹಸುವಿನ ಹಾಲು ಯಾರು ಕರೆದ್ರು, ಹಿಡ್ಡೆ?"

ಹಿಂದಿನಿಂದ ಹಿಡ್ಡೆಯ ಹೆಂಡತಿಯ ದನಿ ಕೇಳಿಸಿತು. "ಸಾಕು, ಇಡು ಫೋನು. ಆ ಹುಡುಗಿಗೆ ಇನ್ನೂ ಎಷ್ಟು ಸುಳ್ಳು ಹೇಳ್ತೀಯ?"

ಅಂದರೆ ಅವಳಿಗೂ ಗೊತ್ತಿತ್ತು. ಹೊಸ ವರ್ಷದ ದಿನ ಅವರದೇ ಅಡುಗೆಮನೆಯಲ್ಲಿ ಕೂತು ನಿಂಕೆ ಎಣ್ಣೆಯಲ್ಲಿ ಕರಿದ ಸಿಹಿ ಉಂಡೆ ತಿಂದಿದ್ದಳು. ದ್ವೀಪದ ಪ್ರವಾಸದ ಬಗ್ಗೆ ಅವಳು ಕಣ್ಣರಳಿಸಿ ಹೇಳುತ್ತಿದ್ದಾಗ ಡೌವೆ, ಹಿಡ್ಡೆ, ಹಿಡ್ಡೆಯ ಹೆಂಡತಿ ಮೂವರೂ ತಲೆಯಾಡಿಸಿದ್ದರು. ಉಂಡೆಯ ಮೇಲೆ ಇನ್ನಷ್ಟು ಸಕ್ಕರೆ ಉದುರಿಸಿಕೊಟ್ಟಿದ್ದರು.

*

ಬುಧವಾರ ಕೆಲಸ ಮುಗಿಯುವ ಹೊತ್ತಿಗೆ ಡೌವೆ ಬಂದ. ಕೈಯಲ್ಲಿ ಬಿಸಿಬಿಸಿ ಕರಿದ ಮೀನಿನ ಪೊಟ್ಟಣ. ಅಂಗಳದ ಹಗ್ಗಕ್ಕೆ ಕ್ಯಾನ್ವಾಸ್ ನೇತುಹಾಕಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಂಕೆ ಒಣ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಬೂಷ್ಟಿನ ಹುಡಿ ಗಾಳಿಯಲ್ಲಿ ಹೊಗೆಯಂತೆ ಹಾರುತ್ತಿತ್ತು.

"ದರೋಡೆಕೋರಳ ಹಾಗೆ ಕಾಣ್ತಿದ್ದೀಯ," ಎಂದ. "ಇರೋದೆಲ್ಲ ಕೊಟ್ಬಿಡ್ತೀನಿ, ಪ್ರಾಣ ಒಂದು ಉಳಿಸು."

ಒಗ್ಗರಣೆಯ ಎಣ್ಣೆಗೆ ಸಾಸಿವೆ ಬಿದ್ದಂತೆ ಅವಳೊಳಗೆ ಏನೋ ಚಟಪಟ ಅಂದಿತು. ನಗು ಬಂದುಬಿಟ್ಟಿತ್ತು. ಬಾಯಿ ಮುಚ್ಚಿದ್ದರಿಂದ ಅವನಿಗೆ ಕಾಣಲಿಲ್ಲ ಅಷ್ಟೆ. ಇಷ್ಟಾದ ಮೇಲೂ ಅವನ ಮಾತಿಗೆ ನಗು ಬರುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವನು ಇನ್ನೊಂದು ಬ್ರಷ್ ತೆಗೆದುಕೊಂಡು ಬಟ್ಟೆಯ ಆ ಬದಿಗೆ ಹೋದ. ಸಂಜೆಯ ಬಿಸಿಲು ಅವನ ಬೆನ್ನಿಗಿತ್ತು. ಅವನ ನೆರಳು ಕ್ಯಾನ್ವಾಸಿನ ಮೇಲೆ ಅವಳ ಎದುರಿಗೇ ನಿಂತಿತು, ಭುಜ, ಕತ್ತು, ಕೆದರಿದ ಕೂದಲು. ಸ್ವಲ್ಪ ಹೊತ್ತು ಇಬ್ಬರೂ ಒಂದೇ ಲಯದಲ್ಲಿ ಉಜ್ಜಿದರು. ಅವಳು ಆ ನೆರಳಿನ ಕೆನ್ನೆಯ ಮೇಲೆ ಬ್ರಷ್ ನಿಲ್ಲಿಸಿದಳು.

"ಆ ಚಿಲಕದ ಗುಟ್ಟು ನಿಂಗೆ ಯಾರು ಹೇಳ್ಕೊಟ್ರು, ಡೌವೆ?"

ನೆರಳಿನ ಕೈ ನಿಂತಿತು.

"ಹಿಡ್ಡೆ ಫೋನ್ ಮಾಡಿದ್ನಾ?"

"ನಾನು ಕೇಳಿದ್ದು ಚಿಲಕದ ವಿಷಯ."

ನೆರಳು ಬ್ರಷ್ಷನ್ನು ಕೆಳಗಿಟ್ಟಿತು. "ಯಾರೂ ಹೇಳ್ಕೊಡ್ಲಿಲ್ಲ. ನಾನೇ ಕಂಡ್ಕೊಂಡೆ. ಸುರಿಯೋ ಮಳೇಲಿ ಅರ್ಧ ಗಂಟೆ ಒದ್ದಾಡಿ."

"ಯಾರ ಜೊತೆ?"

"ಸಾಸ್ಕಿಯಾ."

ಕಳೆದ ಬೇಸಿಗೆ ಅವನ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವಳು. ಅವಳ ಸೊಂಟದ ಅಳತೆ ತೆಗೆದು ಗಟ್ಟಿ ಕ್ಯಾನ್ವಾಸಿನ ಏಪ್ರನ್ ಹೊಲಿದುಕೊಟ್ಟವಳು ನಿಂಕೆಯೇ.

"ಎಲ್ಲಿ ಅಂತ ಕೇಳಲ್ಲ. ಗೊತ್ತಿದೆ," ಎಂದಳು. "ಬೇರೆ ಊರೇ ಸಿಗ್ಲಿಲ್ವಾ? ಇಷ್ಟು ದೊಡ್ಡ ಭೂಮಿ ಮೇಲೆ?"

"ಅವಳು ದ್ವೀಪ ನೋಡಿರ್ಲಿಲ್ಲ..." ಅವನು ಬಟ್ಟೆ ಸರಿಸಿ ಈಚೆ ಬಂದ. ಮುಖ ಸಪ್ಪಗಾಗಿತ್ತು. "ನಿಂಕೆ, ಕೇಳು. ನಂಗೆ ಹೆದರಿಕೆ ಆಗಿತ್ತು. ಮದುವೆ, ಮನೆ, ಎಲ್ಲ ಗೊತ್ತಾದ ದಾರಿ. ಒಂದ್ಸಲ ನೋಡ್ಬೇಕು ಅನ್ನಿಸ್ತು, ಬೇರೆ ಥರ ಇದ್ದಿದ್ರೆ ಹೇಗಿರ್ತಿತ್ತು ಅಂತ. ಐದು ದಿನ. ಐದೂ ದಿನ ಮಳೆ. ಎರಡನೇ ದಿನಕ್ಕೇ ಮನೆಗೆ ಬರ್ಬೇಕು ಅನ್ನಿಸ್ತು. ಹಾಸಿಗೆಯೆಲ್ಲ ಒದ್ದೆ, ಅವಳಿಗೆ ನೆಗಡಿ, ಮಾತೆತ್ತಿದ್ರೆ ಜಗಳ. ಗಾಡಿ ಮಡಿಸೋವಾಗ ಇಬ್ಬರೂ ಮಾತು ಬಿಟ್ಟಿದ್ವಿ. ಅಲ್ಲಿಗೇ ಮುಗೀತು. ದೇವ್ರಾಣೆ, ಅಲ್ಲಿಗೇ ಮುಗೀತು. ಆಮೇಲೆ ಒಂದು ದಿನವೂ ಅವಳನ್ನ ನೋಡಿಲ್ಲ."

ಅವನು ಹೇಳುತ್ತಿರುವುದು ನಿಜ ಎಂದು ಅವಳಿಗೆ ಗೊತ್ತಾಯಿತು. ಸುಳ್ಳು ಹೇಳುವಾಗ ಅವನು ನಗುತ್ತಿದ್ದ, ಈಗ ನಗುತ್ತಿರಲಿಲ್ಲ. ಅವಳು ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗೆಳೆದಳು.

"ಮಳೆ ಬರದೇ ಇದ್ದಿದ್ರೆ?"

"ಏನು?"

"ಐದು ದಿನವೂ ಬಿಸಿಲಿದ್ದಿದ್ರೆ, ಡೌವೆ? ಹಾಸಿಗೆ ಒದ್ದೆ ಆಗದೇ ಇದ್ದಿದ್ರೆ? ಅವಳಿಗೆ ನೆಗಡಿ ಬರದೇ ಇದ್ದಿದ್ರೆ?"

ಗೋಡೆಯ ಮೇಲೆ ಕೂತ ಕಡಲಹಕ್ಕಿಯೊಂದು ಮೀನಿನ ಪೊಟ್ಟಣವನ್ನೇ ದಿಟ್ಟಿಸುತ್ತಿತ್ತು. ಅವಳು ಕಾದಳು. ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಬಂದಿದ್ದರೆ ಅದು ಸುಳ್ಳೋ ನಿಜವೋ ಎಂದು ಕೂಡ ಆಗ ಅವಳು ನೋಡುತ್ತಿರಲಿಲ್ಲ.

"ಗೊತ್ತಿಲ್ಲ," ಎಂದ ಡೌವೆ.

"ಮನೆಗೆ ಹೋಗು."

"ನಿಂಕೆ..."

"ಮೀನು ತಗೊಂಡು ಹೋಗು. ಆರಿಹೋಗಿದೆ."

*

"ಸುಟ್ಟು ಹಾಕು," ಎಂದಳು ಗ್ರೀಟ್. "ಬೆಂಕಿಪೊಟ್ಟಣ ನಾನು ಕೊಡ್ತೀನಿ."

"ಬಟ್ಟೆ ಏನು ಮಾಡ್ತು ಪಾಪ?"

ನಗರಸಭೆಗೆ ಫೋನ್ ಮಾಡಿ ಮದುವೆಗೆ ಗೊತ್ತುಮಾಡಿದ್ದ ಸೆಪ್ಟೆಂಬರಿನ ತಾರೀಕು ಬೇಡವೆಂದು ಹೇಳಿದ ದಿನವೇ ಅವಳು ನೀರಿಗೆ ವಿನೆಗರ್ ಬೆರೆಸಿ ಕೂತಳು. ಬ್ಲೀಚ್ ಹಾಕಿದ್ದರೆ ಕಲೆ ಬೇಗ ಹೋಗುತ್ತಿತ್ತು, ಆದರೆ ಹೊಲಿಗೆಯ ನೂಲು ಕೊಳೆತುಬಿಡುತ್ತದೆ. ಒಂದೊಂದು ಅಡಿಯನ್ನೂ ನೆನೆಸಿ, ಒಂದು ಗಂಟೆ ಬಿಟ್ಟು, ಮೃದು ಸೋಪಿನಿಂದ ತೊಳೆದು, ಮತ್ತೆ ನೆನೆಸಿದಳು. ಹಾಯಿಗಳ ಕೆಲಸ ಮುಗಿದ ಮೇಲೆ ದಿನಕ್ಕೆರಡು ಗಂಟೆ. ಊಟದ ಬ್ರೆಡ್ಡಿಗೂ ವಿನೆಗರ್ ವಾಸನೆ, ತಲೆದಿಂಬಿಗೂ ವಿನೆಗರ್ ವಾಸನೆ.

ಒಮ್ಮೆ, ನೇತುಬಿದ್ದ ಬಟ್ಟೆಯ ಒಳಗೆ ನಿಂತು ಮೂಲೆಯೊಂದನ್ನು ಉಜ್ಜುತ್ತಿದ್ದಾಗ, ಇಲ್ಲಿ ಸಾಸ್ಕಿಯಾಳ ತಲೆ ಇತ್ತು, ಇಲ್ಲಿ ಅವನದು ಎಂದು ಲೆಕ್ಕ ಹಾಕುತ್ತಿರುವುದು ಅರಿವಾಗಿ ಅಲ್ಲೇ ಕೂತು ಅತ್ತಳು. ಗ್ರೀಟ್ ಹೊರಗಿನಿಂದ ಎಲ್ಲ ಕೇಳಿಸಿಕೊಂಡಳು. ಒಳಗೆ ಬರಲಿಲ್ಲ. ಹೊಲಿಗೆ ಯಂತ್ರವನ್ನು ಸುಮ್ಮನೆ ಜೋರಾಗಿ ಓಡಿಸಿದಳು, ಅಳುವವಳಿಗೆ ನಾಚಿಕೆಯಾಗದಿರಲಿ ಎಂದು.

ಡೌವೆ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಅವಳಿಗೆ ಗಾಳಿಯ ದಿಕ್ಕು-ಬಲದ ಸುದ್ದಿ ಕಳಿಸುತ್ತಿದ್ದ. ನಾಲ್ಕು ವರ್ಷದ ಅಭ್ಯಾಸ. ಈಗಲೂ ಬರುತ್ತಿತ್ತು. *ನೈಋತ್ಯ, ನಾಲ್ಕು.* ಮರುದಿನ, *ಪಶ್ಚಿಮ, ಐದು, ಮಧ್ಯಾಹ್ನ ಹನಿ ಬೀಳಬಹುದು, ಬಟ್ಟೆ ಒಳಗೆ ತಗೋ.* ಅವಳು ಉತ್ತರಿಸಲಿಲ್ಲ. ಆದರೆ ಏಳಕ್ಕೆ ಮೊದಲೇ ಎಚ್ಚರಾಗಿ ಫೋನಿನ ಕಡೆ ನೋಡುತ್ತ ಮಲಗಿರುತ್ತಿದ್ದಳು. ಬಟ್ಟೆಯನ್ನು ಒಳಗೆ ತೆಗೆದುಕೊಂಡಳು ಕೂಡ.

ಏಳು ದಿನವಾಯಿತು. ಬೂಷ್ಟು ಸತ್ತಿತ್ತು, ವಾಸನೆ ಹೋಗಿತ್ತು. ಮಸುಕಾದ ಬೂದು ಕಲೆಗಳು ಅಲ್ಲಲ್ಲಿ ಉಳಿದವು, ಅವು ಇನ್ನು ಹೋಗುವಂಥವಲ್ಲ. ನೀರು ಹಿಡಿಯದಂತೆ ಮಾಡುವ ಎಣ್ಣೆ ಬಳಿದು ಎರಡು ದಿನ ಪೂರ್ವದ ಗಾಳಿಗೆ ಬಿಟ್ಟಳು. ಶನಿವಾರ ಬೆಳಿಗ್ಗೆ ಏಳೂ ಐದಕ್ಕೆ ಅವಳೇ ಬರೆದಳು. *ಒಣಗಿದೆ. ಬಂದು ಗಾಡಿ ತಗೊಂಡು ಹೋಗು. ಮಡಿಸೋಕೆ ಇಬ್ಬರು ಬೇಕು.*

*

ಅವನು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ತೆಳ್ಳಗಾಗಿದ್ದ. ಬಟ್ಟೆಯ ಮೇಲೆ ಕೈಯಾಡಿಸಿ, "ಇದನ್ನ ನೀನು ಒಬ್ಬಳೇ..." ಎಂದು ಅಲ್ಲಿಗೇ ನಿಲ್ಲಿಸಿದ.

"ಹೊಗಳಿಕೆ ಆಮೇಲೆ. ಆ ತುದಿ ಹಿಡ್ಕೋ."

ದೊಡ್ಡ ಬಟ್ಟೆ ಮಡಿಸುವುದು ಒಂಥರಾ ಕುಣಿತ. ಎರಡು ತುದಿಗಳಲ್ಲಿ ಇಬ್ಬರು ನಿಂತು, ಬಿಗಿಯಾಗಿ ಎಳೆದು, ಒಬ್ಬರ ಕಡೆಗೆ ಇನ್ನೊಬ್ಬರು ನಡೆದು ಬರಬೇಕು. ಮೊದಲ ಮಡಿಕೆಗೆ ಅವರ ನಡುವೆ ಅಂಗಳದಷ್ಟು ದೂರವಿತ್ತು. ಎರಡನೆಯದಕ್ಕೆ ಅವನ ಅಂಗಿಯ ಗುಂಡಿ ಎಣಿಸಬಹುದಾಗಿತ್ತು. ಮೂರನೆಯದಕ್ಕೆ ಅವನು ಹಾಕಿಕೊಂಡ ಸೋಪಿನ ಪರಿಮಳ ಅವಳನ್ನು ಮುಟ್ಟಿತು, ಅವಳ ಕೈಯ ವಿನೆಗರ್ ವಾಸನೆ ಅವನನ್ನು ಮುಟ್ಟಿರಬೇಕು.

"ಎಳಿ. ಗಟ್ಟಿಯಾಗಿ. ಹಡಗಿನವನಾ ನೀನು?"

"ಟೋಪಿ ಹಾಕ್ಕೊಂಡು ನಿಂತಿರೋನು," ಎಂದ ಮೆಲ್ಲಗೆ. ಅವಳ ತುಟಿಯಂಚು ಅಲುಗಿತು, ಅವನು ಅದನ್ನು ನೋಡಿದ.

ಕೊನೆಯ ಮಡಿಕೆ. ಇಬ್ಬರೂ ಎದುರೆದುರು ನಿಂತರು. ನಡುವೆ ಬಟ್ಟೆಯ ದಪ್ಪವಷ್ಟೇ ಉಳಿದಿತ್ತು. ಅವನ ಬೆರಳುಗಳು ಅವಳ ಬೆರಳುಗಳ ಮೇಲೆ ಬಂದವು. ಅವನು ಬಿಡಲಿಲ್ಲ, ಅವಳೂ ಎಳೆದುಕೊಳ್ಳಲಿಲ್ಲ.

"ಬರ್ತಿದ್ದೆ," ಎಂದ ಡೌವೆ. "ಮಳೆ ಬರದೇ ಇದ್ದಿದ್ರೂ ನಿನ್ನ ಹತ್ರಾನೇ ವಾಪಸ್ ಬರ್ತಿದ್ದೆ. ಈಗ ಗೊತ್ತಾಗಿದೆ ನಂಗೆ."

ಅವಳು ತಲೆಯೆತ್ತಿ ಅವನ ಎರಡೂ ಕಣ್ಣುಗಳನ್ನು ನೋಡಿದಳು. ಸುಳ್ಳಿರಲಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

"ಇರಬಹುದು," ಎಂದಳು. "ಆದ್ರೆ ಅದನ್ನ ತಿಳ್ಕೊಳ್ಳೋಕೆ ನಿಂಗೆ ಹತ್ತು ದಿನ ಬೇಕಾಯ್ತು, ಡೌವೆ. ನಂಗೆ ನಿನ್ನ ವಿಷಯದಲ್ಲಿ ಒಂದು ದಿನವೂ ಬೇಕಾಗಿರ್ಲಿಲ್ಲ."

"ಕಾಯ್ತೀನಿ ನಾನು."

"ಬೇಡ. ನೀನು ಕಾಯ್ತಿದ್ದೀಯ ಅಂತ ಗೊತ್ತಾದ್ರೆ ನಾನು ಬಂದ್ಬಿಡ್ತೀನಿ. ಬಂದು, ಪ್ರತಿ ಅಕ್ಟೋಬರ್‌ನಲ್ಲೂ ಆಕಾಶ ನೋಡ್ತಾ ಕೂರ್ತೀನಿ. ಅಂಥ ಬಾಳು ನಂಗೆ ಬೇಡ ಕಣೋ."

ಅವನ ಕಣ್ಣು ತುಂಬಿತು. ಅವಳು ಒಂದು ಕೈ ಬಿಡಿಸಿಕೊಂಡು, ಹೆಬ್ಬೆರಳಿನಿಂದ ಅವನ ಕೆನ್ನೆ ಒರೆಸಿದಳು. ಆಮೇಲೆ ಬಟ್ಟೆಯ ತುದಿಗಳನ್ನು ಅವನ ಕೈಯಿಂದ ನಿಧಾನವಾಗಿ ತೆಗೆದುಕೊಂಡಳು.

ಬಟ್ಟೆಯನ್ನು ಗಾಡಿಯೊಳಗೆ ಕೂಡಿಸಿ, ಗಾಡಿಯನ್ನು ಕಾರಿಗೆ ಕಟ್ಟುವಾಗ ಅವಳು ಹೇಳಿದಳು. "ಮಳೇಲಿ ಮಡಿಸಬೇಕಾಗಿ ಬಂದ್ರೆ, ಮನೆಗೆ ಹೋದ ತಕ್ಷಣ ಬಿಚ್ಚಿ ಹರಡು. ಎರಡು ದಿನ ದಾಟಿಸಬೇಡ."

"ಇನ್ನು ಯಾರನ್ನೂ ಕರ್ಕೊಂಡು ಹೋಗಲ್ಲ."

"ನಾನು ಹೇಳಿದ್ದು ಬಟ್ಟೆ ವಿಷಯ."

ಕಾರು ಹೊರಟಿತು. ಬಂದರಿನ ತಿರುವಿನವರೆಗೆ ಹೋಗಿ ನಿಂತಿತು. ಎತ್ತರದ ಹಾಯಿಕಂಬದ ದೋಣಿಯೊಂದು ಬರುತ್ತಿತ್ತು, ಅದಕ್ಕೆ ದಾರಿ ಬಿಡಲು ಗಂಟೆ ಬಾರಿಸಿ ರಸ್ತೆಯ ಸೇತುವೆಯನ್ನು ಮೇಲೆತ್ತುತ್ತಿದ್ದರು. ಕೆಂಪು ದೀಪದ ಮುಂದೆ ಕಾರು, ಕಾರಿನ ಹಿಂದೆ ಗುಡಾರದ ಗಾಡಿ. ಕನ್ನಡಿಯಲ್ಲಿ ಅವನಿಗೆ ಕಾರ್ಖಾನೆಯ ಬಾಗಿಲು ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಅವಳು ಬಾಗಿಲಲ್ಲೇ ನಿಂತಳು.

ಗ್ರೀಟ್ ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತಳು. ಬಾಯಲ್ಲಿ ಗುಂಡುಸೂಜಿ ಇರಲಿಲ್ಲ.

"ದೋಣಿ ನಿಧಾನಕ್ಕೆ ಬರ್ತಿದೆ. ಓಡಿ ಹೋದ್ರೆ ಸಿಗ್ತಾನೆ."

"ಗೊತ್ತು ಚಿಕ್ಕಮ್ಮ."

ದೋಣಿ ದಾಟಿತು. ಸೇತುವೆ ಅಂಗುಲ ಅಂಗುಲವಾಗಿ ಕೆಳಗಿಳಿಯಿತು. ದೀಪ ಹಸಿರಾದ ಮೇಲೂ ಕಾರು ಒಂದು ಕ್ಷಣ ಅಲ್ಲೇ ಇತ್ತು, ಎರಡು ಕ್ಷಣ ಇತ್ತು. ಹಿಂದಿನ ವ್ಯಾನಿನವನು ಹಾರ್ನ್ ಹೊಡೆದ. ನಿಂಕೆ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಕಾರು ಸೇತುವೆ ಹತ್ತಿ ಆಚೆ ಇಳಿಯುವವರೆಗೂ ಅವಳು ಕೈ ಸಡಿಲಿಸಲಿಲ್ಲ.